ಬೆಂಗಳೂರಿನ ಎರಡು ಪ್ರಬಂಧಗಳು

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೇರೆ ಬೇರೆ ಕಾಲಕ್ಕೆ ಇಬ್ಬರು ಅಣ್ಣತಮ್ಮಂದಿರು ಕೆಲಸ ಮಾಡಿದ್ದರು. ಅಣ್ಣ ಎಸ್. ಚಂದ್ರಶೇಖರ್, ತಮ್ಮ ಎಸ್. ಪಂಚರತ್ನಂ. ಇಬ್ಬರೂ ಸಿ. ವಿ. ರಾಮನ್ ಅವರ ಸೋದರಳಿಯಂದಿರು. (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ, ಅವರು ರಾಮನ್ ಅವರ ಅಣ್ಣನ ಮಗ.) ತಮ್ಮ 1956ರಲ್ಲಿ ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಅಣ್ಣ 1977ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಇನ್ನೊಂದನ್ನು ಪ್ರಕಟಿಸಿದರು. ಎರಡೂ ಇಂಗ್ಲಿಷಿನಲ್ಲಿದ್ದವು. ಎರಡನ್ನೂ ಹೊರತಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ. ಅಣ್ಣನ ಪ್ರಬಂಧ ಬಹುಬೇಗ ಪ್ರಪಂಚದ ಪ್ರಯೋಗಶಾಲೆಗಳನ್ನು ಮುಟ್ಟಿತು. ತಮ್ಮನದು ಮೂವತ್ತು ವರ್ಷ ಕಾಯಬೇಕಾಯಿತು.

ಸಂಶೋಧನೆ ಮಾಡುತ್ತಿರುವ ಹುಡುಗ ಹುಡುಗಿಯರು ಮಾತಿಗೆ ಸಿಕ್ಕಾಗ ಈ ಎರಡು ಪ್ರಬಂಧಗಳು ನನಗೆ ನೆನಪಾಗುತ್ತವೆ. 'ಏನು ಬರೆಯುತ್ತಿದ್ದೀರಿ' ಎಂದು ಕೇಳಿದರೆ ಅವರ ಉತ್ತರ ಬಹುಪಾಲು ಜರ್ನಲ್ಲಿನ ಹೆಸರಿನಿಂದ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಜಗತ್ತು ಓದುತ್ತದೆ, ವಿದೇಶದ ಪತ್ರಿಕೆಯಲ್ಲಿ ಬಂದರೆ ಇನ್ನೂ ಹೆಚ್ಚು ಓದುತ್ತದೆ ಎಂಬುದು ಅವರ ನಂಬಿಕೆ. ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ನಮ್ಮದೇ ಊರಿನ ಇತಿಹಾಸ ಅದಕ್ಕಿಂತ ಸ್ವಲ್ಪ ಸಿಕ್ಕುಸಿಕ್ಕಾದ ಕಥೆಯನ್ನು ಹೇಳುತ್ತದೆ.

ಕಥೆ ಶುರುವಾಗುವುದು ಯುರೋಪಿನಲ್ಲಿ. 1665ರ ಜನವರಿಯಲ್ಲಿ ಪ್ಯಾರಿಸ್ಸಿನಿಂದ ಫ್ರೆಂಚ್ ಭಾಷೆಯ ಒಂದು ವಿದ್ವತ್ ಪತ್ರಿಕೆ ಹೊರಟಿತು. ಮಾರ್ಚಿನಲ್ಲಿ ಲಂಡನ್ನಿನಿಂದ ರಾಯಲ್ ಸೊಸೈಟಿಯ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಇಂಗ್ಲಿಷಿನಲ್ಲಿ ಹೊರಟಿತು. ಆಗ ವಿದ್ವಾಂಸರ ಭಾಷೆ ಲ್ಯಾಟಿನ್. ನ್ಯೂಟನ್ ಬೆಳಕು ಮತ್ತು ಬಣ್ಣಗಳ ಕುರಿತು 1672ರಲ್ಲಿ ಈ ಲಂಡನ್ ಪತ್ರಿಕೆಗೆ ಇಂಗ್ಲಿಷಿನಲ್ಲೇ ಬರೆದ. 1687ರ ತನ್ನ ಮಹಾಗ್ರಂಥ 'ಪ್ರಿನ್ಸಿಪಿಯಾ'ವನ್ನು ಮಾತ್ರ ಲ್ಯಾಟಿನ್ನಿನಲ್ಲಿ ಬರೆದ. ಅಂದರೆ ಇವತ್ತು ನಾವು ಜರ್ನಲ್ ಎನ್ನುವ ವಸ್ತು ಹುಟ್ಟಿದ್ದೇ ದೇಶಭಾಷೆಯ ಕೂಸಾಗಿ. ಪಂಡಿತರ ಭಾಷೆ ಬಿಟ್ಟು ಮನೆಮಾತಿಗೆ ಬಂದ ಜನ ಕಟ್ಟಿದ್ದು ಅದು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದೇ ಮನೆಮಾತು ದೊರೆಗಳ ಮಾತಾಗಿತ್ತು.

ಇಂಗ್ಲಿಷ್ ಒಂದೇ ವಿಜ್ಞಾನದ ಭಾಷೆಯಾದದ್ದು ಮಾತ್ರ ತೀರಾ ಈಚೆಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭೌತವಿಜ್ಞಾನ ಓದಬೇಕೆಂದರೆ ಜರ್ಮನ್ ಬರಬೇಕಿತ್ತು. ಐನ್‌ಸ್ಟೈನ್ ಬರಹಗಳನ್ನು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಜರ್ಮನ್ನಿನಿಂದ ಇಂಗ್ಲಿಷಿಗೆ ಅನುವಾದಿಸಿದರು. 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು ಅಚ್ಚು ಹಾಕಿತು. ನಾಲ್ಕು ವರ್ಷದ ಮೇಲೆ ಬೋಸ್ ಢಾಕಾದಿಂದ ತಮ್ಮ ಪ್ರಬಂಧವನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಐನ್‌ಸ್ಟೈನ್ ತಾವೇ ಜರ್ಮನ್ನಿಗೆ ಅನುವಾದಿಸಿ 'ತ್ಸೈಟ್‌ಶ್ರಿಫ್ಟ್ ಫ್ಯೂರ್ ಫಿಸಿಕ್' ಪತ್ರಿಕೆಗೆ ಕೊಟ್ಟರು. ಭಾರತೀಯನೊಬ್ಬನ ಅತಿ ದೊಡ್ಡ ಪ್ರಬಂಧಗಳಲ್ಲಿ ಒಂದಾದ ಅದು ಜಗತ್ತಿಗೆ ತಿಳಿದದ್ದು ಜರ್ಮನ್ನಿನ ಮೂಲಕ. ಇಂಗ್ಲಿಷಿನಲ್ಲಿ ಬರೆಯುವುದಷ್ಟೇ ಆಗ ಸಾಕಾಗುತ್ತಿರಲಿಲ್ಲ. ಸರಿಯಾದ ಒಬ್ಬ ಓದುಗ ಬೇಕಿತ್ತು.

ಇದನ್ನೆಲ್ಲ ಚೆನ್ನಾಗಿ ತಿಳಿದಿದ್ದವರು ರಾಮನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಹದಿನೆಂಟರ ವಯಸ್ಸಿಗೆ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜಿನ್'ನಲ್ಲಿ ಅವರ ಮೊದಲ ಪ್ರಬಂಧ ಬಂದಿತ್ತು. ಕಲ್ಕತ್ತೆಗೆ ಹೋದ ಮೇಲೆ ತಮ್ಮದೇ ಪತ್ರಿಕೆ ಬೇಕೆಂದು ಪಟ್ಟು ಹಿಡಿದು 1926ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್' ಆರಂಭಿಸಿದರು. ಅದರ ಬೆಲೆ ಎರಡೇ ವರ್ಷದಲ್ಲಿ ಗೊತ್ತಾಯಿತು.

1928ರ ಫೆಬ್ರವರಿ 28ರಂದು ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಚೆದುರಿದ ಬೆಳಕಿನಲ್ಲಿ ಹೊಸ ಬಣ್ಣದ ಗೆರೆಗಳನ್ನು ಸ್ಪಷ್ಟವಾಗಿ ಕಂಡರು. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ಇಬ್ಬರು ಸ್ಫಟಿಕಗಳಲ್ಲಿ ಅದೇ ಪರಿಣಾಮವನ್ನು ಕಾಣುತ್ತಿದ್ದರು. ಮುಂದಿನದೆಲ್ಲ ಅಚ್ಚಿನ ಓಟ. ಮಾರ್ಚ್ 16ರ ಶುಕ್ರವಾರ ರಾಮನ್ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘ ಮತ್ತು ಸೆಂಟ್ರಲ್ ಕಾಲೇಜಿನ ವಿಜ್ಞಾನ ಕ್ಲಬ್ಬಿನ ಸಭೆಯಲ್ಲಿ 'ಒಂದು ಹೊಸ ವಿಕಿರಣ' ಎಂಬ ಭಾಷಣ ಮಾಡಿದರು. ಕಲ್ಕತ್ತೆಗೆ ಮರಳಿದೊಡನೆ ಅದನ್ನು ಅಚ್ಚಿಗೆ ಕೊಟ್ಟರು. ಮಾರ್ಚ್ 31ಕ್ಕೆ ಅದು ತಮ್ಮದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಡಿ ಪ್ರತಿಗಳು ಅಂಚೆಯಲ್ಲಿ ಹಲವು ದೇಶಗಳ ವಿಜ್ಞಾನಿಗಳ ಮನೆಬಾಗಿಲಿಗೆ ಹೋದವು. ಅದೇ ತಾರೀಖಿನ 'ನೇಚರ್' ಪತ್ರಿಕೆಯಲ್ಲೂ ಅವರ ಪುಟ್ಟ ಟಿಪ್ಪಣಿ ಬಂತು. ಮಾಸ್ಕೋದವರ ಲೇಖನ ಜರ್ಮನ್ ಪತ್ರಿಕೆಯೊಂದರಲ್ಲಿ ಬಂದದ್ದು ಜುಲೈನಲ್ಲಿ. ಅಷ್ಟರಲ್ಲಿ ಕಾಲ ಮಿಂಚಿತ್ತು. ಆ ವರ್ಷವೇ ಜರ್ಮನಿಯ ಪೀಟರ್ ಪ್ರಿಂಗ್ಸ್‌ಹೈಮ್ ಈ ಸಂಗತಿಗೆ 'ರಾಮನ್ ಪರಿಣಾಮ' ಎಂದು ಹೆಸರಿಟ್ಟು ಬರೆದ, ಜರ್ಮನ್ನಿನಲ್ಲಿಯೇ. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು.

ಈ ಅನುಭವದಿಂದ ರಾಮನ್ ಕಲಿತ ಪಾಠ, ವಿದೇಶದ ಪತ್ರಿಕೆಗಳನ್ನು ಬಿಡಬೇಕು ಎಂದಲ್ಲ. ಸ್ವಂತದ ಒಂದು ಪತ್ರಿಕೆ ಇರಲೇಬೇಕು ಎಂದು. ಒಂದು ದೇಶದ ಪ್ರಯೋಗಶಾಲೆಗಳಲ್ಲಿ ನಡೆಯುವ ಕೆಲಸ ತಳಪಾಯವಾದರೆ, ಅದನ್ನು ಲೋಕಕ್ಕೆ ಸಾರುವ ಆ ದೇಶದ ಪತ್ರಿಕೆಗಳು ಮೇಲಿನ ಕಟ್ಟಡ ಎಂಬ ಅರ್ಥದ ಮಾತನ್ನು ಅವರು 1933ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಆ ಪತ್ರಿಕೆ 1932ರ ಜುಲೈನಲ್ಲಿ ಬೆಂಗಳೂರಿನಿಂದ ಶುರುವಾಗಿತ್ತು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಇಲ್ಲಿಗೆ ಬಂದರು. ಮರುವರ್ಷ ಅಕಾಡೆಮಿ ಕಟ್ಟಿ ಅದರ 'ಪ್ರೊಸೀಡಿಂಗ್ಸ್' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಎಲ್ಲವೂ ಇಂಗ್ಲಿಷಿನಲ್ಲಿ. ಭಾಷೆ ಹೊರಗಿನದು, ಅಚ್ಚಿನಮನೆ ಮತ್ತು ಸಂಪಾದಕರ ಮೇಜು ನಮ್ಮವು. ಇದು ರಾಮನ್ ಆರಿಸಿಕೊಂಡ ದಾರಿ.

'ಕರೆಂಟ್ ಸೈನ್ಸ್'ನ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್. ಕಪ್ಪೆಗಳೆಂದರೆ ಅವರಿಗೆ ಪ್ರಾಣ. 1937ರ 'ಪ್ರೊಸೀಡಿಂಗ್ಸ್'ನಲ್ಲಿ ಅವರು ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವರ್ಣಿಸಿ ನಲವತ್ತು ಪುಟದ ಪ್ರಬಂಧ ಬರೆದರು. ಸಕಲೇಶಪುರದ ಘಟ್ಟದ ಕೆಂಪುಹೊಳೆಯ ಹೆಸರು ಹೀಗೆ ಒಂದು ಕಪ್ಪೆಯ ಲ್ಯಾಟಿನ್ ಹೆಸರಿನೊಳಗೆ ಸೇರಿಕೊಂಡಿತು. ಅವರು ಆಧಾರವಾಗಿ ಇಟ್ಟುಕೊಂಡಿದ್ದ ಕಪ್ಪೆಗಳ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಇವತ್ತು ಪಶ್ಚಿಮಘಟ್ಟದಲ್ಲಿ ಕಪ್ಪೆ ಹುಡುಕುವವರು ರಾವ್ ಕಂಡದ್ದು ಯಾವುದನ್ನು ಎಂದು ತಿಳಿಯಬೇಕಾದರೆ ಆ ಮುದ್ರಿತ ಪುಟಗಳಿಗೇ ಹೋಗಬೇಕು. ಮರಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ 'ರಾವೊರ್ಕೆಸ್ಟಿಸ್' ಎಂದು ಅವರ ಹೆಸರನ್ನೇ ಇಟ್ಟರು. ಪತ್ರಿಕೆ ಅಂದರೆ ಡಂಗುರ ಮಾತ್ರವಲ್ಲ, ಕಣಜವೂ ಹೌದು. ಈಗಿನ ಮಾತುಕತೆಗಳಲ್ಲಿ ಈ ಎರಡನೆಯ ಕೆಲಸವನ್ನು ನಾವು ಮರೆಯುತ್ತೇವೆ.

ಇನ್ನು ಪಂಚರತ್ನಂ ಅವರ ಪ್ರಬಂಧಕ್ಕೆ ಬರೋಣ. 1956ರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಕೆಲವು ಸ್ಫಟಿಕಗಳ ಮೂಲಕ ಹಾದುಬರುವ ಬೆಳಕು ಮೂಡಿಸುವ ವಿಚಿತ್ರ ಚಿತ್ತಾರಗಳನ್ನು ಅವರು ಅಭ್ಯಾಸ ಮಾಡುತ್ತಿದ್ದರು. ಧ್ರುವೀಕರಣದ ಸ್ಥಿತಿ ಬೇರೆ ಬೇರೆಯಾಗಿರುವ ಎರಡು ಬೆಳಕಿನ ಅಲೆಗಳು ಒಂದೇ ಲಯದಲ್ಲಿವೆ ಎಂದು ಹೇಳುವುದು ಹೇಗೆ? ಈ ಸರಳ ಪ್ರಶ್ನೆಯನ್ನು ಬೆನ್ನುಹತ್ತಿ ಅವರು ಒಂದು ಬೆರಗಿನ ಸಂಗತಿಗೆ ತಲುಪಿದರು.

ಅದನ್ನು ಹೀಗೆ ಊಹಿಸಿಕೊಳ್ಳಬಹುದು. ನೀವು ಉತ್ತರ ಧ್ರುವದಲ್ಲಿ ನಿಂತಿದ್ದೀರಿ. ಕೈಯಲ್ಲಿ ಒಂದು ಕೋಲು. ಅದು ನೀವು ಹೊರಟಿರುವ ದಿಕ್ಕಿಗೆ ಚಾಚಿದೆ. ಕೋಲನ್ನು ಒಂದಿಷ್ಟೂ ತಿರುಗಿಸದೆ ನೇರ ದಕ್ಷಿಣಕ್ಕೆ ನಡೆದು ಭೂಮಧ್ಯರೇಖೆಗೆ ಬನ್ನಿ. ಕೋಲು ದಕ್ಷಿಣಕ್ಕೇ ಇರಲಿ. ಆ ರೇಖೆಯ ಮೇಲೆ ಅಡ್ಡ ಹೆಜ್ಜೆ ಹಾಕುತ್ತ ಪೂರ್ವಕ್ಕೆ ಭೂಮಿಯ ಕಾಲು ಸುತ್ತು ಹೋಗಿ. ಅಲ್ಲಿಂದ ಹಿಂದಡಿಯಿಡುತ್ತ ಮತ್ತೆ ಧ್ರುವಕ್ಕೆ ಬನ್ನಿ. ಒಮ್ಮೆಯೂ ಕೋಲನ್ನು ತಿರುಗಿಸಿಲ್ಲ. ಆದರೂ ಅದು ಹೊರಟಾಗಿನ ದಿಕ್ಕಿಗೆ ಅಡ್ಡವಾಗಿ ನಿಂತಿದೆ! ನೀವು ಸುತ್ತಿದ ದಾರಿಯ ಆಕಾರವೇ ಅದನ್ನು ತಿರುಗಿಸಿದೆ. ಬೆಳಕಿನ ಧ್ರುವೀಕರಣದ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಬೆಳಕನ್ನು ಒಂದು ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ದು ಮತ್ತೆ ಮೊದಲಿನ ಸ್ಥಿತಿಗೇ ತಂದರೆ ಅದರ ಅಲೆಯ ಲಯ ಮೊದಲಿನಂತೆ ಇರುವುದಿಲ್ಲ. ಎಷ್ಟು ವ್ಯತ್ಯಾಸವೆಂದರೆ, ಆ ಗೋಳದ ಮೇಲೆ ಬರೆದ ತ್ರಿಕೋನದ ವಿಸ್ತೀರ್ಣದ ಸರಿಯಾಗಿ ಅರ್ಧದಷ್ಟು. ಪಂಚರತ್ನಂ ಕಂಡುಕೊಂಡದ್ದು ಇದನ್ನು.

ಇಪ್ಪತ್ತೆಂಟು ವರ್ಷ ಕಳೆದವು. 1984ರಲ್ಲಿ ಬ್ರಿಸ್ಟಲ್ಲಿನ ಮೈಕೇಲ್ ಬೆರಿ ಲಂಡನ್ನಿನ ರಾಯಲ್ ಸೊಸೈಟಿಯ 'ಪ್ರೊಸೀಡಿಂಗ್ಸ್'ನಲ್ಲಿ ಕ್ವಾಂಟಂ ಲೋಕದಲ್ಲಿ ಇಂಥದೇ ಸುತ್ತಿಬಂದ ಲಯದ ವ್ಯತ್ಯಾಸವಿದೆ ಎಂದು ತೋರಿಸಿದರು. ಅದು ಬಹಳ ಬೇಗ 'ಬೆರಿ ಫೇಸ್' ಎಂದು ಪ್ರಸಿದ್ಧವಾಯಿತು. ಆಗ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರಿಗೆ ಹಳೆಯ ಪ್ರಬಂಧ ನೆನಪಿತ್ತು. ಬೆರಿ ಹೇಳಿದ ಸಂಗತಿಯ ಒಂದು ಮೊದಲ ಉದಾಹರಣೆ ಪಂಚರತ್ನಂ ಅವರಲ್ಲಿದೆ ಎಂದು ಅವರು 1986ರ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಬೆರಿ ಅದನ್ನು ಓದಿ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. 1987ರಲ್ಲಿ ಪಂಚರತ್ನಂ ಅವರ ಕೆಲಸವನ್ನು ವಿವರಿಸಿ ತಾವೇ ಪ್ರಬಂಧ ಬರೆದರು, ಮುಂದೆಯೂ ಮೆಚ್ಚಿ ಬರೆದರು. ಈಗ ಜಗತ್ತಿನ ಪಠ್ಯಗಳಲ್ಲಿ 'ಪಂಚರತ್ನಂ–ಬೆರಿ ಫೇಸ್' ಎಂಬ ಹೆಸರಿದೆ. ಇದನ್ನು ನೋಡಲು ಪಂಚರತ್ನಂ ಇರಲಿಲ್ಲ. ಕೆಲಕಾಲ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡ್‌ಗೆ ಹೋಗಿ, 1969ರಲ್ಲಿ ಮೂವತ್ತೈದರ ವಯಸ್ಸಿಗೇ ಅವರು ತೀರಿಕೊಂಡಿದ್ದರು.

ಈ ಕಥೆ ಕೇಳಿದವರು ಥಟ್ಟನೆ ಹೇಳುವುದು ಒಂದೇ: 'ಬೆಂಗಳೂರಿನ ಪತ್ರಿಕೆಯಲ್ಲಿ ಹಾಕಿದ್ದೇ ತಪ್ಪು. ನೇಚರ್‌ಗೆ ಕಳಿಸಿದ್ದರೆ ಹೀಗಾಗುತ್ತಿತ್ತೇ?' ನನಗೆ ಈ ತೀರ್ಪು ಅವಸರದ್ದು ಅನ್ನಿಸುತ್ತದೆ. ಅದಕ್ಕೆ ಎರಡು ಕಾರಣ.

ಮೊದಲನೆಯದು, 1935 ಮತ್ತು 36ರಲ್ಲಿ ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಶಬ್ದದ ಅಲೆಗಳಿಂದ ಬೆಳಕು ಬಾಗುವುದನ್ನು ವಿವರಿಸಿ ಬರೆದ ಐದು ಪ್ರಬಂಧಗಳು ಬಂದದ್ದು ಇದೇ 'ಪ್ರೊಸೀಡಿಂಗ್ಸ್'ನಲ್ಲಿ. ಅವು ಹೊರದೇಶಗಳಲ್ಲಿ ಓದಿಸಿಕೊಂಡವು. 'ರಾಮನ್–ನಾಥ್ ಸಿದ್ಧಾಂತ' ಎಂಬ ಮಾತು ಆ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಎರಡನೆಯದು, ಪಂಚರತ್ನಂ ತೀರಿಕೊಂಡ ಮೇಲೆ 1975ರಲ್ಲಿ ಅವರ ಸಮಗ್ರ ಬರಹಗಳನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪುಸ್ತಕವಾಗಿ ತಂದಿತು. ಅದಕ್ಕಿಂತ ದೊಡ್ಡ ವಿಳಾಸ ಇನ್ನೇನು ಬೇಕು? ಆದರೂ ಇನ್ನೂ ಹತ್ತು ವರ್ಷ ಆ ತ್ರಿಕೋನದ ಮಾತು ಯಾರ ಕಣ್ಣಿಗೂ ದೊಡ್ಡದಾಗಿ ಕಾಣಲಿಲ್ಲ. ಸ್ಫಟಿಕಗಳ ಬೆಳಕಿನ ಶಾಸ್ತ್ರ ಹಳೆಯದಾಯಿತು ಎಂದು ಬಹುಜನ ತಿಳಿದಿದ್ದ ಕಾಲ ಅದು. ಪ್ರಬಂಧದ ಶೀರ್ಷಿಕೆಯೂ ವ್ಯತಿಕರಣದ ಸಾಮಾನ್ಯ ಸಿದ್ಧಾಂತ ಎಂಬ ಸಪ್ಪೆ ಶೀರ್ಷಿಕೆ. ಉತ್ತರ ಅಚ್ಚಾಗಿ ಕೂತಿತ್ತು. ಪ್ರಶ್ನೆ ಕೇಳುವವರು ಹುಟ್ಟಿರಲಿಲ್ಲ.

ಪ್ರಶ್ನೆ ಹುಟ್ಟಿದ ದಿನ ಉತ್ತರ ಎಲ್ಲಿದೆ ಎಂದು ತೋರಿಸಿದವರು ಯಾರು? ಅದೇ ಊರಿನ ಓದುಗರು. ಬೆಂಗಳೂರಿನ ಪತ್ರಿಕೆ ಅದನ್ನು ಕಾಪಾಡಿತ್ತು, ಬೆಂಗಳೂರಿನ ಇಬ್ಬರು ಅದನ್ನು ನೆನಪಿಟ್ಟುಕೊಂಡಿದ್ದರು, ಬೆಂಗಳೂರಿನ ಇನ್ನೊಂದು ಪತ್ರಿಕೆ ಅದನ್ನು ಎತ್ತಿ ಹೇಳಿತು. ರಾಮನ್ ಕಟ್ಟಿದ ಪತ್ರಿಕೆಗಳು ಡಂಗುರ ಸಾರುವುದರಲ್ಲಿ ಇಲ್ಲಿ ಸೋತಿರಬಹುದು. ಕಣಜವಾಗಿ ಗೆದ್ದವು.

ಅಣ್ಣ ಚಂದ್ರಶೇಖರ್ ಅವರ ದಾರಿ ಬೇರೆ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದ ಅವರು ಅಲ್ಲಿ ದ್ರವ ಸ್ಫಟಿಕಗಳ ಅಧ್ಯಯನಕ್ಕೆ ತೊಡಗಿದರು. 1971ರಲ್ಲಿ ರಾಮನ್ ಸಂಸ್ಥೆಗೆ ಬಂದು ಅದಕ್ಕೆಂದೇ ಪ್ರಯೋಗಶಾಲೆ ಕಟ್ಟಿದರು. 1973ರಲ್ಲಿ ಬೆಂಗಳೂರಿನಲ್ಲಿ ದ್ರವ ಸ್ಫಟಿಕಗಳ ಕುರಿತು ಅಂತಾರಾಷ್ಟ್ರೀಯ ಸಮ್ಮೇಳನ ನಡೆಸಿದರು. 1977ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಈ ವಿಷಯದ ಮೇಲೆ ಅವರ ಗ್ರಂಥವನ್ನು ಪ್ರಕಟಿಸಿತು. ಅದೇ ವರ್ಷ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಂದಿಗೆ ಅವರು ಅಕಾಡೆಮಿಯ 'ಪ್ರಮಾಣ' ಪತ್ರಿಕೆಯಲ್ಲಿ ಹತ್ತು ಪುಟದ ಆ ಪ್ರಬಂಧ ಬರೆದರು.

ಅಲ್ಲಿಯವರೆಗೆ ತಿಳಿದಿದ್ದ ದ್ರವ ಸ್ಫಟಿಕಗಳ ಅಣುಗಳೆಲ್ಲ ಬೆಂಕಿಕಡ್ಡಿಯಂತೆ ಉದ್ದನೆಯವು. ಚಪ್ಪಟೆ ಬಿಲ್ಲೆಯಂಥ ಅಣುಗಳೂ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಂಬ ಕಟ್ಟಿಕೊಂಡು ದ್ರವ ಸ್ಫಟಿಕವಾಗಬಲ್ಲವು ಎಂದು ಇವರು ತೋರಿಸಿದರು. ಒಂದು ಹೊಸ ಕ್ಷೇತ್ರವೇ ತೆರೆದುಕೊಂಡಿತು. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವ ತೆಳು ಹಾಳೆಗಳಲ್ಲಿ ಮುಂದೆ ಇಂಥ ಬಿಲ್ಲೆ ಅಣುಗಳ ಬಳಕೆಯಾಯಿತು. ಪ್ರಬಂಧ ಭಾರತೀಯ ಪತ್ರಿಕೆಯಲ್ಲಿ ಬಂತೆಂದು ಯಾರೂ ಅದನ್ನು ಬಿಟ್ಟುಬಿಡಲಿಲ್ಲ. ಏಕೆಂದರೆ ಓದುಗರು ಮೊದಲೇ ಇದ್ದರು. ಚಂದ್ರಶೇಖರ್ ಅವರನ್ನು ಬಲ್ಲವರು, ಅವರ ಪುಸ್ತಕ ಓದಿದವರು, ಬೆಂಗಳೂರಿನ ಸಮ್ಮೇಳನಕ್ಕೆ ಬಂದು ಹೋದವರು. ಪ್ರಬಂಧ ಅಚ್ಚಾಗುವ ಮೊದಲು ಅವರು ಹದಿನೈದು ವರ್ಷ ಆ ಓದುಗರನ್ನು ಸಂಪಾದಿಸಿಕೊಂಡಿದ್ದರು.

ಇಬ್ಬರೂ ಬರೆದದ್ದು ಒಂದೇ ಭಾಷೆಯಲ್ಲಿ, ಪ್ರಕಟವಾದದ್ದು ಒಂದೇ ಅಕಾಡೆಮಿಯಿಂದ. ವ್ಯತ್ಯಾಸ ಇದ್ದದ್ದು ಓದುಗರಲ್ಲಿ.

ಈಗಿನ ಸ್ಥಿತಿಗೆ ಬಂದರೆ, ಓದುಗ ಎಂಬ ಮಾತೇ ಲೆಕ್ಕದಿಂದ ಬಿಟ್ಟುಹೋಗಿದೆ. ಯುಜಿಸಿಯ 2016ರ ನಿಯಮದಂತೆ ಪಿಎಚ್.ಡಿ. ಮಹಾಪ್ರಬಂಧ ಒಪ್ಪಿಸುವ ಮೊದಲು ಒಂದಾದರೂ ಲೇಖನ ಪ್ರಕಟವಾಗಬೇಕಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು. ಆದರೂ ಕೆಲಸಕ್ಕೆ, ಬಡ್ತಿಗೆ ಎಣಿಕೆ ತಪ್ಪಿಲ್ಲ. ಎಣಿಕೆ ಇರುವಲ್ಲಿ ಅಂಗಡಿ ತೆರೆದುಕೊಳ್ಳುತ್ತದೆ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ, ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಎಂದಿರುವ ಪತ್ರಿಕೆಗಳು ನಮ್ಮ ವಿದ್ಯಾರ್ಥಿಗಳ ಫೆಲೋಶಿಪ್ ಹಣವನ್ನು ನುಂಗುತ್ತಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಪಾಡು ಇನ್ನೂ ಕಷ್ಟ. ಶಾಸನದ ಬಗ್ಗೆಯೋ ಜನಪದದ ಬಗ್ಗೆಯೋ ಕನ್ನಡದಲ್ಲಿ ನಾಲ್ಕು ಒಳ್ಳೆಯ ಮಾತು ಹೇಳಬಲ್ಲವರು ಅದನ್ನು ಯಾರೂ ಓದದ ಇಂಗ್ಲಿಷಿಗೆ ಒಗ್ಗಿಸಿ ಕಳಿಸುತ್ತಾರೆ. ಹಾಗೆ ಬಂದ ಲೇಖನಕ್ಕೆ ಕನ್ನಡದ ಓದುಗರೂ ಇಲ್ಲ, ಇಂಗ್ಲಿಷಿನ ಓದುಗರೂ ಇಲ್ಲ. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಕನ್ನಡದಲ್ಲೇ ಬರೆದರು. 1966ರಲ್ಲಿ ಅದು ಪುಸ್ತಕವಾಯಿತು. ಕರ್ನಾಟಕದ ಇತಿಹಾಸದಲ್ಲಿ ಕೆಲಸ ಮಾಡುವವರು ಅದನ್ನು ಹುಡುಕಿಕೊಂಡು ಬರಬೇಕೇ ಹೊರತು ಅದು ಯಾರ ಬಳಿಗೂ ಹೋಗಬೇಕಾಗಿಲ್ಲ.

ಹಾಗೆಂದು ಭೌತವಿಜ್ಞಾನವನ್ನೂ ಕನ್ನಡದಲ್ಲೇ ಬರೆಯಿರಿ ಎಂದು ನಾನು ಹೇಳಲಾರೆ. ಬಿಲ್ಲೆ ಅಣುವಿನ ಮಾತನ್ನು ಕೇಳಬೇಕಾದವರು ಹತ್ತು ದೇಶಗಳಲ್ಲಿ ಹಂಚಿಹೋಗಿದ್ದರು. ಅವರಿಗೆ ಇಂಗ್ಲಿಷಿನಲ್ಲೇ ಹೇಳಬೇಕಿತ್ತು. ನನ್ನ ಸಲಹೆ ಇಷ್ಟೆ: ಜರ್ನಲ್ಲಿನ ಹೆಸರು ಹುಡುಕುವ ಮೊದಲು, ಇದನ್ನು ಓದಬೇಕಾದ ಐದು ಜನ ಯಾರು ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅವರು ಯಾವ ಭಾಷೆಯಲ್ಲಿ, ಯಾವ ಪತ್ರಿಕೆಯಲ್ಲಿ ಓದುತ್ತಾರೋ ಅಲ್ಲಿಗೆ ಕಳಿಸಿ. ಐದು ಹೆಸರು ಹೊಳೆಯದಿದ್ದರೆ, ಮುಂದೆ ಎಂದೋ ಬರುವ ಓದುಗನಿಗಾಗಿ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಪತ್ರಿಕೆ ಯಾವುದು ಎಂದು ಯೋಚಿಸಿ.

ರಾಮನ್ ಭಾಷಣ ಮಾಡಿದ ಅದೇ ಸೆಂಟ್ರಲ್ ಕಾಲೇಜಿನಲ್ಲಿ, ಅದಕ್ಕೆ ಹತ್ತು ವರ್ಷ ಮೊದಲು, ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಶುರುಮಾಡಿದ್ದರು. ಅದು ಎರಡು ವರ್ಷ ನಡೆದು ನಿಂತಿತು. ಅದು ಸಂಶೋಧನೆಯ ಪತ್ರಿಕೆಯಾಗಿರಲಿಲ್ಲ. ಹೊಸ ವಿಜ್ಞಾನವನ್ನು ಕನ್ನಡಿಗರಿಗೆ ತಿಳಿಯುವಂತೆ ಹೇಳುವ ಪತ್ರಿಕೆ. ಆ ಕೆಲಸ ಇನ್ನೂ ಬಾಕಿ ಇದೆ. ಪಂಚರತ್ನಂ ಹೆಸರು ಕೇಳಿರುವ ಕನ್ನಡದ ವಿದ್ಯಾರ್ಥಿಗಳು ನನಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು. ಅಕಾಡೆಮಿ ತನ್ನ ಹಳೆಯ ಸಂಪುಟಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. 1956ರ 'ಪ್ರೊಸೀಡಿಂಗ್ಸ್'ನ 44ನೆಯ ಸಂಪುಟದ 247ನೆಯ ಪುಟದಿಂದ ಆ ಪ್ರಬಂಧ ಆರಂಭವಾಗುತ್ತದೆ. ಗಣಿತ ಬಲ್ಲ ಯಾರಾದರೂ ಕೂತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಓದಲು ನಾನು ಕಾದಿದ್ದೇನೆ.